ಅತ್ತೆಯ ಅಕ್ಕಡಿ ಗಡಿಗೆ

ಹೂವಿನಹಡಗಲಿಯ ಮಲ್ಲಿಗೆ ತೋಟದಲ್ಲಿ ಬೆಳೆದವಳು ನಾನು. ಮೊಗ್ಗು ಆರಿಸುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಹಿರೇಹಡಗಲಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಅತ್ತೆಯಿಂದ ಭೇಷ್ ಅನ್ನಿಸಿಕೊಳ್ಳುವ ಆಸೆ ಸ್ವಲ್ಪ ಹೆಚ್ಚೇ ಇತ್ತು.

ಒಂದು ಮಧ್ಯಾಹ್ನ ಅಟ್ಟದ ಮೇಲೆ ಗಡಿಗೆಯೊಂದು ಸಿಕ್ಕಿತು. ಒಳಗೆ ತೊಗರಿ, ಹೆಸರು, ಅಲಸಂದಿ, ಅವರೆ, ಸಜ್ಜೆ, ಪುಂಡಿಸೊಪ್ಪಿನ ಬೀಜ ಎಲ್ಲ ಕಲಸುಮೇಲೋಗರ. ಪಾಪ, ವಯಸ್ಸಾದವರಿಗೆ ಕಣ್ಣು ಕಾಣುವುದಿಲ್ಲ ಅಂದುಕೊಂಡು ಸಂಜೆಯವರೆಗೆ ಕೂತು ಆರಿಸಿದೆ. ಒಂದೊಂದನ್ನೂ ಅಡುಗೆಮನೆಯ ಆಯಾ ಡಬ್ಬಿಗೆ ಸುರಿದೆ.

ಹೊಲದಿಂದ ಬಂದ ಅತ್ತೆ ಖಾಲಿ ಗಡಿಗೆ ನೋಡಿ ಹೊಸ್ತಿಲ ಬಳಿಯೇ ಕುಳಿತುಬಿಟ್ಟರು. "ನಾಳಿ ಬಿತ್ತಿಗಿ ಐತಲ್ಲವಾ. ಅದು ಅಕ್ಕಡಿ ಕಾಳು."

ಜೋಳದ ಸಾಲುಗಳ ನಡುವೆ ಬಿತ್ತುವ ಬೆರಕೆ ಬೀಜವೇ ಅಕ್ಕಡಿ. ಯಾವುದು ಎಷ್ಟು ಎಂದು ಅತ್ತೆಗೂ ಗೊತ್ತಿರಲಿಲ್ಲ. ಒಂದೊಂದು ಕಾಳು ಮನೆಗೆ ಬಂದಾಗ ಒಂದಿಷ್ಟು ಗಡಿಗೆಗೆ ಹಾಕುತ್ತ ಬಂದಿದ್ದರು. ಎಲ್ಲವನ್ನೂ ಒಮ್ಮೆಗೇ ಎಂದೂ ಕೂಡಿಸಿರಲಿಲ್ಲ. ಹೈಬ್ರಿಡ್ ಜೋಳದ ಚೀಲ ತಂದಿದ್ದ ನನ್ನ ಗಂಡನಿಗೆ ಇದೇ ಬೇಕಾಗಿತ್ತು. "ಚಲೋ ಆತು ಬಿಡಬೇ. ಈ ಸಲ ಬರೇ ಜೋಳ ಬಿತ್ತೂಣು."

ನನ್ನಿಂದಾಗಿ ಮನೆಯ ಅಕ್ಕಡಿಯೇ ನಿಂತುಹೋಗುತ್ತದೆ ಅನ್ನಿಸಿ ಅಳು ಬಂತು. ಅತ್ತೆ ಮೊರ ಎಳೆದುಕೊಂಡರು. "ಅಳೂದು ಆಮ್ಯಾಲ. ಡಬ್ಬಿ ತಾ."

ಕಣ್ಣು ಮುಚ್ಚಿ, ವರ್ಷವಿಡೀ ಉಂಡದ್ದನ್ನು ನೆನೆಯತೊಡಗಿದರು. "ಶ್ರಾವಣದಾಗ ಹೆಸರು, ಎರಡು ಹಿಡಿ. ದಸರಾಕ ಅಲಸಂದಿ, ಒಂದು. ದೀವಳಿಗಿಗೆ ಅವರಿ. ಎಳ್ಳಮಾಸಿ ಮುಂದ ತೊಗರಿ, ಅದು ಜಾಸ್ತಿ ಹಾಕು, ಅದರ ಎಲಿ ಉದುರಿದ್ರ ಭೂಮಿಗೆ ಊಟ. ಪುಂಡಿ ದಿನಾ ಬೇಕು." ಅವರು ಹೇಳಿದಂತೆ ನಾನು ಹಾಕಿದೆ. ಕೊನೆಗೆ ಒಂದು ಹಿಡಿ ಸಜ್ಜೆ.

"ಇದು ಯಾರಿಗ್ರಿ?"

"ಗುಬ್ಬಿಗೆ. ಅವಕ್ಕ ಬ್ಯಾರೆ ಹೊಲ ಐತೇನು?"

ಮರುದಿನ ಗಂಡ ಮುಖ ಗಂಟಿಕ್ಕಿಕೊಂಡೇ ಕೂರಿಗೆ ಹೂಡಿದರು. ಜೋಳ ಬಿತ್ತುವ ಆ ಕೂರಿಗೆಯ ಹಿಂದೆ ಕಟ್ಟಿದ ಬಿದಿರಿನ ಕೊಳವೆಗೆ ಅಕ್ಕಡಿ ಕಾಳು ಬಿಡುತ್ತ ಅತ್ತೆ ನಡೆದರು.

ಲೆಕ್ಕ ಸರಿಬಂದಿರಲಿಲ್ಲ. ಆ ವರ್ಷ ಎಲ್ಲಿ ನೋಡಿದರೂ ಪುಂಡಿ. ದಿನಾ ಪುಂಡಿಪಲ್ಲೆ ಉಣ್ಣುತ್ತ ಗಂಡ ನನ್ನ ಮುಖ ನೋಡುತ್ತಿದ್ದರು, ನಾನು ಒಲೆ ನೋಡುತ್ತಿದ್ದೆ. ಆದರೆ ಸಜ್ಜೆಗೆ ಗುಬ್ಬಿ ಬಂದವು, ತೊಗರಿ ಹೂವಿಗೆ ಜೇನು ಬಂತು. ಅವನ್ನು ನೋಡಲೆಂದೇ ನಾನು ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದೆ. ತೋಟದಲ್ಲೂ ನನಗೆ ಅಷ್ಟು ಖುಷಿಯಾದ ನೆನಪಿಲ್ಲ.

ತೊಗರಿ ಬಡಿದ ದಿನ ಅತ್ತೆ ಗಡಿಗೆ ತುಂಬಿ, ಬಾಯಿಗೆ ಬೇವಿನಸೊಪ್ಪು ಮುಚ್ಚಿ, ನನ್ನ ಮಡಿಲಲ್ಲಿಟ್ಟರು. ಗಲ್ಲ ಹಿಡಿದು ಅಂದರು: "ಇನ್ನ ಮ್ಯಾಲೆ ಇದು ನಿಂದು. ಮತ್ತ ಆರಿಸಬ್ಯಾಡ ನಮ್ಮವ್ವ."