ಶಾಮಲಮ್ಮನಿಗೆ ಮುಟ್ಟಿದ ನೋಟಿಸ್

ಗ್ರಾಮ ಸಹಾಯಕ ಆಂಜಿನಪ್ಪನ ಮುಂದಿನ ಎರಡು ಹಲ್ಲು ಹೋದದ್ದು ವಯಸ್ಸಾಗಿ ಅಲ್ಲ. ದೇವರಾಯಸಮುದ್ರದ ಸುತ್ತಮುತ್ತ ಯಾರೇ ಜಮೀನು ಅಳೆಸಲಿ, ಯಾರೇ ಹೊಲದಲ್ಲಿ ಶೆಡ್ಡು ಎಬ್ಬಿಸಲಿ, ಅಕ್ಕಪಕ್ಕದ ಜಮೀನಿನವರಿಗೆ ಮೊದಲು ನೋಟಿಸ್ ಮುಟ್ಟಬೇಕು. ಮುಟ್ಟಿಸುವವನು ಇವನು. ರುಜು ಹಾಕಿ ಕಳಿಸಿದ ಸಾಹೇಬರು ಮುಳಬಾಗಿಲಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಾರೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ! ಒಬ್ಬ ನಾಯಿ ಛೂ ಬಿಟ್ಟ, ಇನ್ನೊಬ್ಬ ಸಲಿಕೆ ಬೀಸಿದ. ಹಲ್ಲು ಉದುರಿಸಿದ್ದು ಅಣ್ಣತಮ್ಮಂದಿರ ಬದುವಿನ ಜಗಳ. ಇಪ್ಪತ್ತೆರಡು ವರ್ಷ ಹೀಗೇ, ಹೊಡೆದವರಲ್ಲಿ ಒಬ್ಬರೂ ಹೊಡೆದೆನೆಂದು ಒಪ್ಪಿಕೊಂಡಿಲ್ಲ. ಆದರೂ ಮುಟ್ಟಿಸದೆ 'ಮುಟ್ಟಿಸಿದ್ದೇನೆ' ಎಂದು ಒಂದು ಸಲವೂ ಬರೆದವನಲ್ಲ, ಹಟಮಾರಿ.

ಹೋದ ವರ್ಷ ಶಿವಶಂಕರ್ ಎಂಬಾತ ಗುಡ್ಡದ ಪಕ್ಕ ಜಲ್ಲಿ ಕ್ರಷರ್ ಹಾಕಲು ಅರ್ಜಿ ಕೊಟ್ಟ. ನೆರೆಯವರು ಹದಿನೈದು ದಿನದೊಳಗೆ ತಕರಾರು ಹೇಳದಿದ್ದರೆ ಒಪ್ಪಿದಂತೆ. ಮೂವರು ಅವನ ನೆಂಟರೇ, ನಗುತ್ತಾ ನೋಟಿಸ್ ತೆಗೆದುಕೊಂಡರು. ಉಳಿದವಳು ಶಾಮಲಮ್ಮ, ಒಂದೂವರೆ ಎಕರೆ ಹಿಪ್ಪುನೇರಳೆ ನಂಬಿ ರೇಷ್ಮೆ ಹುಳು ಸಾಕುವ ವಿಧವೆ. ಸೊಪ್ಪಿನ ಮೇಲೆ ಕಲ್ಲಿನ ಪುಡಿ ಕೂತರೆ ತಿಂದ ಹುಳು ಸಾಯುತ್ತವೆ, ಅವಳ ಅನ್ನವೂ ಅಲ್ಲಿಗೇ ಮುಗಿಯುತ್ತದೆ.

ಕೆರೆ ಏರಿಯ ಮೇಲೆ ಶಿವಶಂಕರ್ ಆಂಜಿನಪ್ಪನ ಬೈಕಿಗೆ ಜೀಪು ಅಡ್ಡ ಹಾಕಿದ.

"ಲೇ ಆಂಜಿ, ಆಯಮ್ಮನ ಹೆಸ್ರಲ್ಲಿ ನೀನೇ ಒಂದು ಹೆಬ್ಬೆಟ್ಟು ಒತ್ತು. ಯಾರಿಗ್ ಗೊತ್ತಾಗ್ತದೆ?"

"ಆಯಮ್ಮಂಗೆ ರುಜು ಹಾಕಕ್ ಬರ್ತದೆ ಸ್ವಾಮಿ. ಹೆಬ್ಬೆಟ್ಟು ನೀವೇ ಇಟ್ಕೊಳ್ಳಿ."

ಮಾತು ಮುಗಿಯುವ ಮೊದಲೇ ಜಾಕಿ ರಾಡು ಬಿತ್ತು. ಬಲಗೈ ಲಟಕ್ಕೆಂದು ಮುರಿಯಿತು. ಶಿವಶಂಕರ್ ಅವನನ್ನು ಕೆಡವಿ ಎದೆಗೆ ಒದ್ದ, ಮುಖವನ್ನು ಕಲ್ಲಿಗೆ ಉಜ್ಜಿದ, ಮೂಗಿನಿಂದ ಇಳಿದ ರಕ್ತಕ್ಕೇ ಅವನ ಹೆಬ್ಬೆರಳು ಅದ್ದಿ ಕಾಗದದ ಕಡೆಗೆ ಎಳೆದ. ಥೂ, ಪಾಪಿ! ಆಂಜಿನಪ್ಪ ಎಳೆಯುತ್ತಿದ್ದವನ ಮಣಿಕಟ್ಟಿಗೆ ಬಾಯಿ ಹಾಕಿ ಉಳಿದ ಹಲ್ಲಲ್ಲೇ ಕಚ್ಚಿದ. ಮಾಂಸ ಕಿತ್ತು ಬರುವವರೆಗೂ ಬಿಡಲಿಲ್ಲ. ಶಿವಶಂಕರ್ ಅರಚಿಕೊಂಡು ಕೈ ಕೊಡವುವಷ್ಟರಲ್ಲಿ ಆಂಜಿನಪ್ಪ ನೋಟಿಸ್ ಅಂಗಿಯೊಳಗೆ ತುರುಕಿಕೊಂಡು, ಏರಿಯಿಂದ ಉರುಳಿ, ಹೊಲ ಬಿದ್ದು ಓಡಿದ.

ಶಾಮಲಮ್ಮ ಹುಳುಮನೆಯ ಬಾಗಿಲಲ್ಲಿ ಸೊಪ್ಪು ಕತ್ತರಿಸುತ್ತಿದ್ದಳು. ರಕ್ತ ಮೆತ್ತಿದ ಗಂಡಸು, ಕೈಯಲ್ಲಿ ಸರ್ಕಾರದ ಮೊಹರಿನ ಕಾಗದ. ಅವಳ ತಲೆ ಕೆಟ್ಟುಹೋಯಿತು.

"ದೊಂಗನಾಕೊಡಕ, ಕಳ್ಳನನ್ಮಗನೇ! ನನ್ ಭೂಮಿ ಕಿತ್ಕೊಳ್ಳಕ್ ಬಂದ್ಯಾ?" ಎಂದು ಕುಡುಗೋಲಿನ ಹಿಡಿಯಿಂದ ನೆತ್ತಿಗೇ ಬಾರಿಸಿದಳು.

ಆಂಜಿನಪ್ಪ ಕೂತುಬಿಟ್ಟ. "ಇನ್ನೊಂದು ಹೊಡಿಯಮ್ಮ. ಹೊಡ್ದು, ಆಮೇಲೆ ಓದು. ಓದಿ ರುಜು ಹಾಕು. ಹದ್ನೈದು ದಿನ ಐತೆ, ತಕರಾರು ಬರ್ಕೊಡು."

ಅವಳು ಓದಿದಳು. ಓದಿ ಅವನ ಮುಖ ನೋಡಿದಳು. ಕುಡುಗೋಲು ಎಸೆದು ಸೆರಗು ಹರಿದು ತಲೆಗೆ ಕಟ್ಟುತ್ತಾ ಕೈ ಮುರಿದವನು ಯಾರೆಂದು ಕೇಳಿ ತಿಳಿದುಕೊಂಡಳು, ರುಜು ಹಾಕಿದಳು. ಮೂರನೆಯ ದಿನ ತಕರಾರು ಕೊಟ್ಟಳು.

ವಿಚಾರಣೆಯಲ್ಲಿ ಶಿವಶಂಕರ್, ಆಂಜಿನಪ್ಪ ಕುಡಿದು ಬೈಕಿನಿಂದ ಬಿದ್ದನೆಂದ. ಸಾಹೇಬರು ಶಾಮಲಮ್ಮನ ಕಡೆ ತಿರುಗಿ, "ನೋಟಿಸ್ ಸರಿಯಾಗಿ ಮುಟ್ಟಿತೇನಮ್ಮ?" ಎಂದು ಕೇಳಿದರು.

"ಮುಟ್ತು ಸಾ. ತರೋವಾಗ ದಾರೀಲಿ ಈ ಶಿವಶಂಕರ ಆಂಜಿನಪ್ಪನ ಕೈ ಮುರ್ದ. ತಂದ್ಮೇಲೆ ನಾನು ತಲೆ ಒಡ್ದೆ. ಇಬ್ರ ಹೆಸ್ರೂ ಬರ್ಕೊಳ್ಳಿ."

ಅರ್ಜಿ ವಜಾ ಆದದ್ದು, ಶಿವಶಂಕರನ ಮೇಲೆ ಕೇಸಾದದ್ದು ಎಲ್ಲ ಆಮೇಲೆ. ಆ ಗಳಿಗೆಯಲ್ಲಿ, ಪಟ್ಟಿ ಕಟ್ಟಿದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಂಜಿನಪ್ಪ ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.