ನಮ್ಮ ಗರಾಜಿನ ಫಿನ್ಲೆಂಡ್ ವಾದ್ಯ

ಫಿನ್ಲೆಂಡಿನ ಬ್ಯಾಗ್‌ಪೈಪು ಕಲಿಯುತ್ತೇನೆ ಎಂದಾಗ ಮನೆಯವರು ‘ಹ್ಞೂಂ’ ಎಂದರಷ್ಟೆ. ಅದು ಆಡಿನ ತೊಗಲಿನದು ಎಂದು ಗೊತ್ತಾದ ದಿನ ಅತ್ತೆ ಎದ್ದು ನಿಂತರು. ವಾದ್ಯ ಗರಾಜಿಗೆ ಹೋಯಿತು. ನುಡಿಸಿದ ಮೇಲೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ನಾವಿರುವ ಪರದೇಶದ ಊರು ಸ್ಟೌಫ್‌ವಿಲ್ಲಿನ ಹಿಮ ಸುರಿಯುವ ಜನವರಿಯಲ್ಲಿ ಕೋಟು ಹಾಕಿಕೊಂಡೇ, ಕಮ್ಮಾರನ ತಿದಿಯಂಥ ಚೀಲವನ್ನು ಕಂಕುಳಲ್ಲಿ ಒತ್ತುತ್ತಾ, ಶ್ರುತಿ ತಪ್ಪಿದ ಪೀಪಿಗೆ ಬೈಯುತ್ತಾ ಕಲಿತೆ. ಹಟಕ್ಕೆ ಬಿದ್ದರೆ ನಾನು ಯಾರ ಮಾತೂ ಕೇಳುವವಳಲ್ಲ.

ಕಲಿಸಿದವರು ಫಿನ್ಲೆಂಡಿನ ಒಬ್ಬ ಅಜ್ಜಿ. ಹಿಂದೆ ಹತ್ತಿರದ ವಾನ್ ಪಟ್ಟಣದ ವೇರ್‌ಹೌಸಿನಲ್ಲಿ ನನ್ನ ಜೊತೆ ಪ್ಯಾಕಿಂಗ್ ಮಾಡುತ್ತಿದ್ದರು. ಅವರ ನಾಡಿನಲ್ಲಿ ಪಿಟೀಲು, ಅಕಾರ್ಡಿಯನ್ ಬಂದ ಮೇಲೆ ಈ ವಾದ್ಯ ಹಳ್ಳಿಗುಗ್ಗುಗಳದು ಎನಿಸಿ, ನುಡಿಸುವವರೇ ನಾಚಿಕೊಂಡು ಗೋಡೆಗೆ ತೂಗುಹಾಕಿದರಂತೆ. ಕೊನೆಯವರು ಸತ್ತಾಗ ಹೇಳಿಕೊಡಲು ಯಾರೂ ಉಳಿದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಕೆಲವರು ಮ್ಯೂಸಿಯಮ್ಮಿನ ಹಳೆಯ ಕೊಳವೆಗಳನ್ನು ಅಳೆದು, ಚರ್ಚಿನ ಗೋಡೆಯ ಚಿತ್ರ ನೋಡಿ, ಪಕ್ಕದ ಎಸ್ಟೋನಿಯಾದವರನ್ನು ಕೇಳಿ ಮತ್ತೆ ಕಟ್ಟಿದರು. ಈ ವಾದ್ಯವನ್ನು ಕೊಂದದ್ದು ನಾಚಿಕೆಯೇ ಎಂದು ಅಜ್ಜಿ ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರಿಗೀಗ ಉಸಿರು ಸಾಲದು. ನಾಲ್ಕು ಜನರ ಮುಂದೆ ನುಡಿಸುತ್ತೇನೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಹಾಗಾಗಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೆಸರು ಕೊಟ್ಟೆ. ಕೂಟದ ಅಧ್ಯಕ್ಷರು ಬೆಂಗಳೂರಿನವರು. ಮರುದಿನವೇ ಫೋನು ಮಾಡಿದರು.

“ಮೇಡಂ, ಸ್ಟೇಜಲ್ಲಿ ಭುವನೇಶ್ವರಿ ಫೋಟೋ ಇಟ್ಟು ಪೂಜೆ ಮಾಡಿರ್ತೀವಿ. ಅಲ್ಲಿ ಆಡಿನ ಚರ್ಮ ಎಲ್ಲಾ ಬೇಡ, ಪ್ಲೀಸ್.”

ನಾನು ಧಾರವಾಡದವಳು. “ಹಂಗಾರ ನಿಮ್ಮ ತಬಲಾಕ್ಕ ಏನ್ ಹೊದಿಸ್ಯಾರ್ರಿ, ಬಾಳಿ ಎಲಿ ಏನು?” ಎಂದೆ.

ಎರಡು ದಿನ ಯೋಚಿಸಿ ಐದು ನಿಮಿಷ ಕೊಟ್ಟರು, ಅದೂ ಊಟದ ಹೊತ್ತಿಗೆ. ಬಿಸಿಬೇಳೆಬಾತಿನ ಸಾಲು ಬಾಗಿಲವರೆಗೆ ಬೆಳೆದಿತ್ತು. ಮುಂದಿನ ಕುರ್ಚಿಗಳಲ್ಲಿ ಅಜ್ಜಿ ಒಬ್ಬರೇ ಕೂತಿದ್ದರು. ನುಡಿಸಲು ಶುರುಮಾಡಿ ಒಂದು ನಿಮಿಷವೂ ಆಗಿರಲಿಲ್ಲ, ಅಧ್ಯಕ್ಷರು ಮೈಕಿನವನತ್ತ ಕೈಸನ್ನೆ ಮಾಡಿದರು, ಮೈಕು ಆಫ್ ಆಯಿತು. ಯಾರೋ ಕಿಸಕ್ಕನೆ ನಕ್ಕರು. ಸುಳ್ಳೇಕೆ ಹೇಳಲಿ, ನನಗೂ ನಾಚಿಕೆಯಾಯಿತು. ಚೀಲ ಮಡಚಿಕೊಂಡು ಇಳಿದುಬಿಡೋಣ ಎನ್ನಿಸಿತು.

ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಇನ್ನಷ್ಟು ಉಸಿರು ತುಂಬಿ ಚೀಲವನ್ನು ಗಟ್ಟಿಯಾಗಿ ಒತ್ತಿದೆ. ಈ ವಾದ್ಯ ಹುಟ್ಟಿದಾಗ ಮೈಕು ಎಲ್ಲಿತ್ತು? ತಟ್ಟೆ ಹಿಡಿದವರೆಲ್ಲ ಒಬ್ಬೊಬ್ಬರಾಗಿ ತಿರುಗಿದರು. ಐದು ನಿಮಿಷ ಮುಗಿಯಿತು ಎಂದು ಅಧ್ಯಕ್ಷರು ಗಡಿಯಾರ ತೋರಿಸಿದರು. ನಾನು ಇಳಿಯಲಿಲ್ಲ.