ಹಾಡ್ಕಾ ಚಹಾ

ವಡೋದರದಲ್ಲಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ, ಮೂಳೆಗೆ ಒಳ್ಳೆಯದೆಂದು ಗಿಡಮೂಲಿಕೆ ಚಹಾ ಮಾರುತ್ತಿದ್ದೆ. ಗುಜರಾತಿಯಲ್ಲಿ ಮೂಳೆಗೆ ‘ಹಾಡ್ಕಾ’ ಅನ್ನುತ್ತಾರೆ. ಮೂರು ಮಹಡಿ ಹತ್ತಿದ ಸುಸ್ತಿನಲ್ಲಿ ಒಂದು ಬಾಗಿಲಲ್ಲಿ ಅದೊಂದೇ ಪದ ಬಾಯಿಗೆ ಬಂತು.

“ಹಾಡ್ಕೋ ಅಂತಾಳೆ! ಮಂಡಿನೋವಲ್ಲಿ ಸಾಯ್ತಿದ್ದೀನಿ, ನೀನೇ ಹಾಡ್ಕೋ ತಾಯಿ,” ಎಂದು ಐವತ್ತರ ಹೆಂಗಸು ಕನ್ನಡದಲ್ಲಿ ಗೊಣಗಿದರು.

ನಗುತ್ತಾ ಕನ್ನಡದಲ್ಲೇ ಅರ್ಥ ಹೇಳಿದೆ. ಅವರ ಮುಖ ಅರಳಿತು. “ಮುಟ್ಟು ನಿಂತ ಮೇಲೆ ಮೂಳೆ ಸವೆದಿದೆಯಂತೆ. ನಮ್ಮವಳು ನೀನು, ಹೇಳು. ಡಾಕ್ಟರ ಮಾತ್ರೆ ಬಿಟ್ಟು ಇದನ್ನೇ ಕುಡೀಲಾ?”

ಅವರ ಕೈಗೆ ಕೊಟ್ಟಿದ್ದ ಪೊಟ್ಟಣದ ಮೇಲೆ ‘ಆಂಟಿಆಕ್ಸಿಡೆಂಟ್’ ಎಂದಿತ್ತು. ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅದನ್ನು ಓದಲು ಬರುತ್ತಿತ್ತು, ಅಷ್ಟೇ.

“ಮಾತ್ರೆ ಬಿಡಬೇಡಿ ಅಮ್ಮಾ. ಇದು ಬರೀ ಗಂಟಲಿಗೆ ಬಿಸಿ.”

ಅವರು ಪೊಟ್ಟಣ ವಾಪಸು ಕೊಟ್ಟು, ನನಗೇ ಹಾಲು ಹಾಕಿದ ಚಹಾ ಕೊಟ್ಟರು. ಭಾರ ಕಡಿಮೆಯಾಗದ ಚೀಲ ಹೊತ್ತು, ಹಾಡ್ಕೊಂಡೇ ಮೆಟ್ಟಿಲಿಳಿದೆ.